ಅಂಗೈಯಗಲದ ಕಂಪ್ಯೂಟರ್ ಎಲ್ಲಿ ಕಾಯುತ್ತದೆ?

1985ರ ಏಪ್ರಿಲ್ 26ರಂದು ಇಂಗ್ಲೆಂಡಿನ ಕೇಂಬ್ರಿಜ್‌ನ ಏಕಾರ್ನ್ ಕಂಪನಿಗೆ ಅವರದೇ ವಿನ್ಯಾಸದ ಹೊಸ ಚಿಪ್ಪೊಂದು ತಯಾರಾಗಿ ಬಂತು. ಅದು ಪಾಲಿಸಬೇಕಾದ ಆಜ್ಞೆಗಳ ಪಟ್ಟಿಯನ್ನು ಸೋಫಿ ವಿಲ್ಸನ್ ರೂಪಿಸಿದ್ದರು. ಒಳಗಿನ ಕಟ್ಟೋಣ ಸ್ಟೀವ್ ಫರ್ಬರ್ ಅವರದು. ಚಿಪ್ಪು ಮೊದಲ ಸಲಕ್ಕೇ ಸರಿಯಾಗಿ ಓಡಿತು. ಆದರೆ ಅದು ಎಷ್ಟು ವಿದ್ಯುತ್ ಎಳೆಯುತ್ತದೆಂದು ಅಳೆಯಹೋದರೆ ಅಮ್ಮೀಟರ್ ಸೊನ್ನೆ ತೋರಿಸಿತು. ಹುಡುಕಿದಾಗ ಗುಟ್ಟು ಹೊರಬಿತ್ತು. ಪರೀಕ್ಷೆಯ ಬೋರ್ಡಿನಲ್ಲಿ ಚಿಪ್ಪಿನ ವಿದ್ಯುತ್ ಸಂಪರ್ಕವೇ ಕೂಡಿರಲಿಲ್ಲ. ಅಕ್ಕಪಕ್ಕದ ಚಿಪ್ಪುಗಳು ಕಳಿಸುವ ಸಂಕೇತಗಳ ಜೊತೆ ಸೋರಿ ಬಂದ ಚೂರುಪಾರು ವಿದ್ಯುತ್ತಿನಲ್ಲೇ ಅದು ಲೆಕ್ಕ ಮಾಡುತ್ತಿತ್ತು.

ಆ ಚಿಪ್ಪಿನ ಹೆಸರು ಆರ್ಮ್. ನಿಮ್ಮ ಜೇಬಿನ ಮೊಬೈಲಿನಲ್ಲಿ ಇರುವುದು ಅದರದೇ ಸಂತಾನ. 2012ರ ಫೆಬ್ರುವರಿ 29ರಂದು ಅದೇ ಕೇಂಬ್ರಿಜ್‌ನಿಂದ ಎಬೆನ್ ಅಪ್ಟನ್ ಮತ್ತು ಗೆಳೆಯರು 35 ಡಾಲರ್ ಬೆಲೆಯ ರಾಸ್ಪ್‌ಬೆರಿ ಪೈ ಎಂಬ ಬೋರ್ಡನ್ನು ಮಾರುಕಟ್ಟೆಗೆ ತಂದಾಗ ಅದರಲ್ಲಿದ್ದದ್ದೂ ಆರ್ಮ್ ಪ್ರೊಸೆಸರೇ. ವೇಗ 700 ಮೆಗಾಹರ್ಟ್ಸ್, ಮೆಮೊರಿ 256 ಎಂಬಿ, ಅಗಲ ಒಂದು ಎಟಿಎಂ ಕಾರ್ಡಿನಷ್ಟು. ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲಿ ಎಂಬುದು ಮೂಲ ಉದ್ದೇಶ. 2019ರಲ್ಲಿ ಬಂದ ನಾಲ್ಕನೇ ಪೀಳಿಗೆಯ ಹೊತ್ತಿಗೆ ಅದೇ ಅಳತೆಯ ಬೋರ್ಡಿನ ಮೇಲೆ 1.5 ಗಿಗಾಹರ್ಟ್ಸ್‌ನ ನಾಲ್ಕು ಕೋರ್‌ಗಳು, ಹಲವು ಜಿಬಿ ಮೆಮೊರಿ, ಎರಡು ಮಾನಿಟರ್‌ಗಳಿಗೆ ಸಂಪರ್ಕ ಎಲ್ಲ ಬಂದವು. ಲಿನಕ್ಸ್ ಹಾಕಿ, ಕೀಬೋರ್ಡು ಮೌಸ್ ಜೋಡಿಸಿದರೆ ದಿನಬಳಕೆಯ ಡೆಸ್ಕ್‌ಟಾಪ್ ಆಯಿತು.

ಆಯಿತೇ? ಮೊದಲ ಬಾರಿ ಬಳಸುವವರ ದೂರು ಸಾಮಾನ್ಯವಾಗಿ ಒಂದೇ: “ಬ್ರೌಸರ್ ತೆರೆದರೆ ನಿಂತುಬಿಡುತ್ತೆ, ಪ್ರೊಸೆಸರ್ ಸಾಲದು.” ಪ್ರೊಸೆಸರನ್ನು ದೂರುವುದು ಸುಲಭ, ಏಕೆಂದರೆ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗುವುದು ಅದರ ವೇಗವೇ. ಆದರೆ ಈ ಪುಟ್ಟ ಬೋರ್ಡಿನಲ್ಲಿ ಪ್ರೊಸೆಸರ್ ಹೆಚ್ಚಿನ ಹೊತ್ತು ದುಡಿಯುತ್ತಲೇ ಇರುವುದಿಲ್ಲ, ಇನ್ಯಾರಿಗೋ ಕಾಯುತ್ತಿರುತ್ತದೆ. ಯಾರಿಗೆ ಕಾಯುತ್ತಿದೆ ಎಂದು ಪತ್ತೆ ಹಚ್ಚಿದರೆ ಹದಗೊಳಿಸುವ ಕೆಲಸ ಮುಕ್ಕಾಲು ಮುಗಿದಂತೆ.

ಕಾರ್ಡಿನೊಳಗೆ ಒಂದು ಇಡೀ ಕಂಪ್ಯೂಟರ್

ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕುವಾಗ ಇನ್‌ಸ್ಟಾಲರ್ ಒಂದೊಂದೇ ಪ್ರಶ್ನೆ ಕೇಳುತ್ತಾ, ಡಿಸ್ಕ್ ಭಾಗ ಮಾಡುತ್ತಾ ಹೋಗುತ್ತದೆ. ಇಲ್ಲಿ ಕ್ರಮ ಬೇರೆ. ಇನ್ನೊಂದು ಕಂಪ್ಯೂಟರಿನಲ್ಲಿ ಕುಳಿತು, ಆಗಲೇ ಇನ್‌ಸ್ಟಾಲ್ ಆಗಿ ಮುಗಿದಿರುವ ವ್ಯವಸ್ಥೆಯ ‘ಇಮೇಜ್’ ಅನ್ನು ಮೈಕ್ರೊ ಎಸ್‌ಡಿ ಕಾರ್ಡಿನ ಮೇಲೆ ಮೊದಲ ಬೈಟ್‌ನಿಂದ ಕೊನೆಯ ಬೈಟ್‌ವರೆಗೆ ಹಾಗೆಯೇ ಇಳಿಸುವುದು. ಹಾಡಿನ ಫೈಲಿನಂತೆ ಕಾಪಿ ಮಾಡಿದರೆ ಬೋರ್ಡು ಏಳುವುದಿಲ್ಲ, ಏಕೆಂದರೆ ಡಿಸ್ಕಿನ ವಿಭಜನೆಯ ನಕ್ಷೆಯೂ ಆ ಇಮೇಜಿನೊಳಗೇ ಇರುತ್ತದೆ. ರಾಸ್ಪ್‌ಬೆರಿ ಪೈ ಇಮೇಜರ್ ಎಂಬ ಪ್ರೋಗ್ರಾಂ ಇದನ್ನು ಮಾಡಿ, ಬರೆದದ್ದನ್ನು ಮತ್ತೆ ಓದಿ ತಾಳೆಯನ್ನೂ ನೋಡುತ್ತದೆ. ಬಳಕೆದಾರರ ಹೆಸರು, ಪಾಸ್‌ವರ್ಡ್, ವೈಫೈ ವಿವರಗಳನ್ನು ಅಲ್ಲೇ ತುಂಬಿಬಿಡಬಹುದು. ಹಿಂದೆ ಎಲ್ಲ ಬೋರ್ಡಿಗೂ ‘ಪೈ’ ಎಂಬ ಒಂದೇ ಹೆಸರಿನ ಬಳಕೆದಾರ ಇರುತ್ತಿದ್ದ. ಕದಿಯುವವರಿಗೆ ಅದು ಅರ್ಧ ಬೀಗದ ಕೈ ಸಿಕ್ಕಂತೆ. 2022ರಲ್ಲಿ ಆ ಪದ್ಧತಿಯನ್ನು ಕೈಬಿಡಲಾಯಿತು.

ಇಳಿಸಿದ ಕಾರ್ಡಿನಲ್ಲಿ ಎರಡು ಭಾಗಗಳಿರುತ್ತವೆ. ಒಂದು ಚಿಕ್ಕದು, ವಿಂಡೋಸ್ ಕೂಡ ಓದಬಲ್ಲ ಫ್ಯಾಟ್ ಮಾದರಿಯದು. ಇನ್ನೊಂದು ದೊಡ್ಡದು, ಲಿನಕ್ಸ್‌ನ ಇಎಕ್ಸ್‌ಟಿ4 ಮಾದರಿಯದು; ಮೊದಲ ಬಾರಿ ಚಾಲೂ ಆದಾಗ ಇದು ಕಾರ್ಡಿನ ಉಳಿದ ಜಾಗದ ತುಂಬ ಹಿಗ್ಗಿಕೊಳ್ಳುತ್ತದೆ. ಚಿಕ್ಕ ಭಾಗ ಏಕೆ ಬೇಕು? ಈ ಬೋರ್ಡು ಏಳುವ ಬಗೆಯೇ ವಿಚಿತ್ರ. ಕರೆಂಟು ಕೊಟ್ಟಾಗ ಮೊದಲು ಎಚ್ಚರಗೊಳ್ಳುವುದು ಮುಖ್ಯ ಪ್ರೊಸೆಸರ್ ಅಲ್ಲ, ಅದೇ ಚಿಪ್ಪಿನಲ್ಲಿರುವ ಗ್ರಾಫಿಕ್ಸ್ ಘಟಕ. ಅದು ಬೋರ್ಡಿನ ಮೇಲಿನ ಸಣ್ಣ ಮೆಮೊರಿಯಿಂದ ತನ್ನ ಆರಂಭದ ಪಾಠವನ್ನು ಓದಿಕೊಂಡು, ಕಾರ್ಡಿನ ಚಿಕ್ಕ ಭಾಗಕ್ಕೆ ಹೋಗಿ, ಅಲ್ಲಿರುವ ‘ಕಾನ್ಫಿಗ್’ ಎಂಬ ಪಠ್ಯ ಫೈಲಿನ ಪ್ರಕಾರ ವೇಗ, ವೋಲ್ಟೇಜ್, ಪರದೆ ಎಲ್ಲ ಹೊಂದಿಸಿ, ಲಿನಕ್ಸ್‌ನ ತಿರುಳಾದ ಕರ್ನೆಲನ್ನು ಮೆಮೊರಿಗೆ ತಂದಿಟ್ಟು, ಕೊನೆಗೆ ಆರ್ಮ್ ಕೋರ್‌ಗಳನ್ನು ಎಬ್ಬಿಸುತ್ತದೆ. ಪಿಸಿಯಲ್ಲಿ ಬಯಾಸ್ ಪರದೆಗೆ ಹೋಗಿ ಬದಲಿಸುತ್ತಿದ್ದುದನ್ನು ಇಲ್ಲಿ ಆ ಒಂದು ಪಠ್ಯ ಫೈಲಿನಲ್ಲಿ ಬರೆಯುತ್ತೇವೆ. ಏನೋ ತಪ್ಪು ಬರೆದು ಬೋರ್ಡು ಏಳದೆಹೋದರೂ ಗಾಬರಿ ಬೇಡ. ಕಾರ್ಡನ್ನು ತೆಗೆದು ಬೇರೆ ಕಂಪ್ಯೂಟರಿಗೆ ಹಾಕಿ ಆ ಸಾಲನ್ನು ಅಳಿಸಿದರೆ ಸಾಕು.

ಇದೇ ಜಾಗದಲ್ಲಿ ‘ಡಿವೈಸ್ ಟ್ರೀ’ ಎಂಬ ಫೈಲೂ ಇರುತ್ತದೆ. ಪಿಸಿಯಲ್ಲಿ ಯಾವ ಭಾಗ ಎಲ್ಲಿದೆ ಎಂದು ಕೇಳಿ ತಿಳಿಯುವ ವ್ಯವಸ್ಥೆ ಇದೆ. ಆರ್ಮ್ ಬೋರ್ಡುಗಳಲ್ಲಿ ಬಹುತೇಕ ಬಿಡಿಭಾಗಗಳು ಕರೆದರೆ ಓಗೊಡುವುದಿಲ್ಲ; ಯುಎಸ್‌ಬಿ ಘಟಕ ಯಾವ ವಿಳಾಸದಲ್ಲಿದೆ, ಯಾವ ಪಿನ್ನಿಗೆ ಯಾವ ದೀಪ ಎಂಬುದನ್ನೆಲ್ಲ ಮೊದಲೇ ಬರೆದು ಕರ್ನೆಲ್ ಕೈಗೆ ಕೊಡಬೇಕು. ಹಾಗಾಗಿ ಒಂದು ಬೋರ್ಡಿನ ಇಮೇಜ್ ಇನ್ನೊಂದು ಕಂಪನಿಯ ಬೋರ್ಡಿನಲ್ಲಿ ಓಡದೆಹೋಗಬಹುದು, ಎರಡರಲ್ಲೂ ಒಂದೇ ಮಾದರಿಯ ಕೋರ್ ಇದ್ದರೂ. ಅಗ್ಗದ ಬೋರ್ಡು ಕೊಳ್ಳುವ ಮುನ್ನ ಅದರ ವೇಗ ನೋಡುವುದಕ್ಕಿಂತ, ಇಂದಿನ ಲಿನಕ್ಸ್ ಕರ್ನೆಲಿನಲ್ಲಿ ಅದಕ್ಕೆ ಜಾಗವಿದೆಯೇ ಎಂದು ನೋಡುವುದು ಜಾಣತನ.

ಐದು ವೋಲ್ಟಿನ ಲೆಕ್ಕ

ಹದಗೊಳಿಸುವ ಕೆಲಸ ಶುರುವಾಗಬೇಕಾದದ್ದು ಸಾಫ್ಟ್‌ವೇರಿನಿಂದಲ್ಲ, ಚಾರ್ಜರಿನಿಂದ. ನಾಲ್ಕನೇ ಪೀಳಿಗೆಯ ಪೈಗೆ 5.1 ವೋಲ್ಟ್, 3 ಆಂಪಿಯರ್ ಕೊಡುವ ಅಡಾಪ್ಟರ್ ಬೇಕು. ಮನೆಯಲ್ಲಿ 65 ವ್ಯಾಟಿನ ಫಾಸ್ಟ್ ಚಾರ್ಜರ್ ಇದೆಯಲ್ಲ, ಅದು ಧಾರಾಳವಾಗಿ ಸಾಕು ಅನಿಸುತ್ತದೆ. ಆದರೆ ಆ 65 ವ್ಯಾಟ್ ಬರುವುದು ಫೋನು ಅಥವಾ ಲ್ಯಾಪ್‌ಟಾಪ್ ಅದರೊಂದಿಗೆ ಮಾತಾಡಿ 9, 15 ಅಥವಾ 20 ವೋಲ್ಟ್ ಕೇಳಿಕೊಂಡಾಗ. ಪೈ 4 ಅಂಥದ್ದೇನೂ ಕೇಳುವುದಿಲ್ಲ. ಅದಕ್ಕೆ ಸಿಗುವುದು ಬರೀ 5 ವೋಲ್ಟ್.

ಇನ್ನು ಕೇಬಲ್. ತೆಳ್ಳಗಿನ ಕೇಬಲ್ಲಿನಲ್ಲಿ ಹೋಗಿ ಬರುವ ತಂತಿಗಳ ಒಟ್ಟು ರೋಧ 0.2 ಓಮ್ ಇದೆ ಎಂದುಕೊಳ್ಳಿ. ಬೋರ್ಡು 2.5 ಆಂಪಿಯರ್ ಎಳೆದಾಗ ತಂತಿಯಲ್ಲೇ 0.5 ವೋಲ್ಟ್ ಕಳೆದುಹೋಗುತ್ತದೆ. ಚಾರ್ಜರ್ ಬಳಿ 5.0 ಇದ್ದದ್ದು ಬೋರ್ಡಿಗೆ ತಲುಪುವಾಗ 4.5. ಬೋರ್ಡು ಎಚ್ಚರಿಕೆ ಕೊಡುವ ಮಿತಿ ಸುಮಾರು 4.63 ವೋಲ್ಟ್. ಅದಕ್ಕಿಂತ ಕೆಳಗಿಳಿದರೆ ಬೋರ್ಡಿನೊಳಗಿನ ಮೂಲ ಪ್ರೋಗ್ರಾಂ ಆದ ಫರ್ಮ್‌ವೇರ್ ತಾನಾಗಿಯೇ ಪ್ರೊಸೆಸರಿನ ವೇಗ ತಗ್ಗಿಸುತ್ತದೆ. ಬ್ರೌಸರ್ ತೆರೆದಾಗಲೇ ಯಂತ್ರ ಮಂಕಾಗುವುದು ಏಕೆಂದು ಈಗ ಗೊತ್ತಾಯಿತು: ಹೆಚ್ಚು ಕೆಲಸ ಎಂದರೆ ಹೆಚ್ಚು ಕರೆಂಟು, ಹೆಚ್ಚು ಕರೆಂಟು ಎಂದರೆ ತಂತಿಯಲ್ಲಿ ಹೆಚ್ಚು ನಷ್ಟ. ಸರಿಯಾಗಿ ಓಡಬೇಕಾದ ಗಳಿಗೆಯಲ್ಲೇ ಕಾಲು ಎಳೆಯುತ್ತದೆ.

ಇದನ್ನು ಊಹಿಸುತ್ತ ಕೂರಬೇಕಿಲ್ಲ. ಬೋರ್ಡಿನ ಸ್ಥಿತಿ ಕೇಳುವ ವಿಸಿಜೆನ್‌ಸಿಎಂಡಿ ಎಂಬ ಆದೇಶಕ್ಕೆ ‘ಗೆಟ್-ಥ್ರಾಟಲ್ಡ್’ ಎಂದು ಸೇರಿಸಿ ಕೊಟ್ಟರೆ ಒಂದು ಹೆಕ್ಸಾಡೆಸಿಮಲ್ ಸಂಖ್ಯೆ ಬರುತ್ತದೆ. ಸೊನ್ನೆ ಬಂದರೆ ಎಲ್ಲ ಕ್ಷೇಮ. 50005 ಎಂದು ಬಂತು ಅನ್ನಿ. ಬಲತುದಿಯ 5 ಎಂದರೆ 4 ಮತ್ತು 1: ಈ ಕ್ಷಣ ವೋಲ್ಟೇಜ್ ಕಡಿಮೆಯಿದೆ, ಈ ಕ್ಷಣ ವೇಗವನ್ನು ತಗ್ಗಿಸಲಾಗಿದೆ. ಎಡತುದಿಯ 5 ಅದೇ ಎರಡು ಸಂಗತಿಗಳು ಯಂತ್ರ ಚಾಲೂ ಆದಮೇಲೆ ಒಮ್ಮೆಯಾದರೂ ನಡೆದಿವೆ ಎನ್ನುತ್ತದೆ. 50000 ಎಂದಷ್ಟೇ ಬಂದರೆ ಈಗ ಸರಿಯಿದೆ, ಹಿಂದೊಮ್ಮೆ ತೊಂದರೆಯಾಗಿತ್ತು ಎಂದರ್ಥ. ವೈದ್ಯರು ನಾಡಿ ಹಿಡಿಯುವ ಮುನ್ನ ಮಾತ್ರೆ ಬರೆಯುವುದಿಲ್ಲ. ಈ ಸಂಖ್ಯೆ ನೋಡದೆ ಬೇರೆ ಯಾವ ಸೆಟ್ಟಿಂಗನ್ನೂ ಮುಟ್ಟಬಾರದು.

ಹತ್ತು ಲಕ್ಷ ಗಳಿಗೆಗಳ ಕಾಯುವಿಕೆ

ವಿದ್ಯುತ್ ಸರಿಯಿದೆ, ಆದರೂ ನಿಧಾನ. ಮುಂದಿನ ಅನುಮಾನ ಕಾರ್ಡಿನ ಮೇಲೆ. ಎಸ್‌ಡಿ ಕಾರ್ಡಿನ ಮೇಲೆ ‘ಎ1’ ಎಂಬ ಗುರುತು ಇದ್ದರೆ, ಚದುರಿದ ಜಾಗಗಳಿಂದ ಸೆಕೆಂಡಿಗೆ ಕನಿಷ್ಠ 1,500 ಸಣ್ಣ ಓದುಗಳನ್ನೂ 500 ಸಣ್ಣ ಬರಹಗಳನ್ನೂ ಅದು ನಿಭಾಯಿಸಬೇಕೆಂಬುದು ನಿಯಮ. ಲೆಕ್ಕ ಹಾಕೋಣ. 1.5 ಗಿಗಾಹರ್ಟ್ಸ್‌ನ ಪ್ರೊಸೆಸರ್ ಸೆಕೆಂಡಿಗೆ 150 ಕೋಟಿ ಸಲ ಮಿಡಿಯುತ್ತದೆ. ಅದನ್ನು 1,500ರಿಂದ ಭಾಗಿಸಿದರೆ ಹತ್ತು ಲಕ್ಷ. ಒಂದೇ ಒಂದು ಸಣ್ಣ ತುಣುಕನ್ನು ಕಾರ್ಡಿನಿಂದ ತರಿಸಿಕೊಳ್ಳುವಷ್ಟರಲ್ಲಿ ಪ್ರೊಸೆಸರಿನ ಹತ್ತು ಲಕ್ಷ ಮಿಡಿತಗಳು ಕಳೆದಿರುತ್ತವೆ. ಬರೆಯಲು ಮೂವತ್ತು ಲಕ್ಷ. ಬ್ರೌಸರ್ ತೆರೆಯುವುದೆಂದರೆ ಇಂಥ ಸಾವಿರಾರು ತುಣುಕುಗಳು.

ಬರೆಯುವುದು ಇನ್ನೂ ನಿಧಾನವಾಗಲು ಫ್ಲಾಶ್ ಮೆಮೊರಿಯ ಗುಣವೇ ಕಾರಣ. ಅದನ್ನು ಒಂದು ವಿಚಿತ್ರ ಸ್ಲೇಟು ಎನ್ನಬಹುದು: ಖಾಲಿ ಜಾಗದಲ್ಲಿ ಒಂದೊಂದೇ ಸಾಲು ಬರೆಯಬಹುದು, ಆದರೆ ಒಂದು ಸಾಲನ್ನು ಮಾತ್ರ ಅಳಿಸಲು ಬರುವುದಿಲ್ಲ, ಅಳಿಸಿದರೆ ಇಡೀ ಸ್ಲೇಟೇ ಅಳಿಯುತ್ತದೆ. ಸಣ್ಣದೊಂದು ಬದಲಾವಣೆಗೂ ಕಾರ್ಡಿನ ಒಳಗಿನ ಪುಟ್ಟ ನಿಯಂತ್ರಕ ಉಳಿದ ಸಾಲುಗಳನ್ನು ಬೇರೆಡೆ ನಕಲು ಮಾಡಬೇಕಾಗಬಹುದು. ಹೀಗೆ ಅಳಿಸಿ ಬರೆಯುವುದಕ್ಕೂ ಆಯುಸ್ಸಿನ ಮಿತಿಯಿದೆ. ಆದ್ದರಿಂದ ಡೆಸ್ಕ್‌ಟಾಪ್ ಲಿನಕ್ಸ್‌ನ ಕೆಲವು ಹಳೆಯ ಅಭ್ಯಾಸಗಳು ಇಲ್ಲಿ ದುಬಾರಿ. ಫೈಲನ್ನು ಓದಿದಾಗಲೆಲ್ಲ ‘ಕೊನೆಯದಾಗಿ ಓದಿದ ಹೊತ್ತು’ ಎಂದು ಬರೆದಿಡುವುದು ಅಂಥದ್ದೊಂದು. ‘ನೋ-ಎಟೈಮ್’ ಎಂಬ ಆಯ್ಕೆ ಅದನ್ನು ನಿಲ್ಲಿಸುತ್ತದೆ. ವ್ಯವಸ್ಥೆಯ ದಿನಚರಿಯನ್ನು ಕಾರ್ಡಿಗೆ ಬರೆಯುವ ಬದಲು ಮೆಮೊರಿಯಲ್ಲಿ ಇಟ್ಟುಕೊಳ್ಳಲು ಹೇಳುವುದು ಇನ್ನೊಂದು ಉಪಾಯ. ಆದರೆ ಯಂತ್ರ ಕೆಟ್ಟು ನಿಂತಾಗ ಕಾರಣ ಹುಡುಕಲು ಆ ದಿನಚರಿಯೇ ಇರುವುದಿಲ್ಲ, ಅದನ್ನು ತಿಳಿದೇ ಮಾಡಬೇಕು.

ತೊಂದರೆ ಕಾರ್ಡಿನದೇ ಎಂದು ಖಚಿತ ಮಾಡಿಕೊಳ್ಳಲು ‘ಟಾಪ್’ ಎಂಬ ಆದೇಶ ಕೊಟ್ಟು ಮೇಲಿನ ಸಾಲುಗಳನ್ನು ನೋಡಿ. ಪ್ರೊಸೆಸರಿನ ಸಮಯ ಹೇಗೆ ಹಂಚಿಹೋಗಿದೆ ಎಂಬ ಶೇಕಡಾವಾರು ಅಲ್ಲಿರುತ್ತದೆ. ‘ಯುಎಸ್’ ಎಂಬುದು ನಿಮ್ಮ ಪ್ರೋಗ್ರಾಂಗಳಿಗೆ ದುಡಿದ ಪಾಲು, ‘ಐಡಿ’ ಸುಮ್ಮನಿದ್ದ ಪಾಲು, ‘ಡಬ್ಲ್ಯುಎ’ ಡಿಸ್ಕಿಗಾಗಿ ಕಾದ ಪಾಲು. ಮೌಸ್ ತಡವರಿಸುವಾಗ ‘ಯುಎಸ್’ ಹತ್ತರೊಳಗಿದ್ದು ‘ಡಬ್ಲ್ಯುಎ’ ನಲವತ್ತು ಐವತ್ತಕ್ಕೆ ಏರಿದ್ದರೆ ಪ್ರೊಸೆಸರ್ ನಿರಪರಾಧಿ. ಆಗ ಮಾಡಬೇಕಾದ ದೊಡ್ಡ ಸುಧಾರಣೆ ಎಂದರೆ ವ್ಯವಸ್ಥೆಯನ್ನು ಕಾರ್ಡಿನಿಂದ ಯುಎಸ್‌ಬಿ 3 ಕಿಂಡಿಗೆ ಹಾಕಿದ ಎಸ್‌ಎಸ್‌ಡಿಗೆ ಸಾಗಿಸುವುದು. ಪೈ 4ರ ಕಾರ್ಡಿನ ಕಿಂಡಿ ಸೆಕೆಂಡಿಗೆ 50 ಎಂಬಿಗಿಂತ ಮೇಲೆ ಹೋಗಲಾರದು. ಎಸ್‌ಎಸ್‌ಡಿ ಅದರ ಹಲವು ಪಟ್ಟು ಕೊಡುತ್ತದೆ, ಚದುರಿದ ಓದಿನಲ್ಲಂತೂ ಅಂತರ ಇನ್ನೂ ಹೆಚ್ಚು. ಹಾಗೆ ಮಾಡುವಾಗ ವಿದ್ಯುತ್ತಿನ ಲೆಕ್ಕ ಮರೆಯಬಾರದು: ಪೈ 4ರ ನಾಲ್ಕೂ ಯುಎಸ್‌ಬಿ ಕಿಂಡಿಗಳು ಸೇರಿ ಕೊಡಬಲ್ಲದ್ದು ಒಟ್ಟು 1.2 ಆಂಪಿಯರ್ ಮಾತ್ರ.

ಖಾಲಿ ಮೆಮೊರಿ ದಂಡ

ಮೆಮೊರಿ ಎಷ್ಟು ಉಳಿದಿದೆ ಎಂದು ‘ಫ್ರೀ’ ಆದೇಶದಿಂದ ನೋಡಿ ಹೌಹಾರುವವರಿದ್ದಾರೆ. 2 ಜಿಬಿಯ ಬೋರ್ಡಿನಲ್ಲಿ ನೂರು ಎಂಬಿಯೂ ಖಾಲಿ ಇಲ್ಲ! ವಾಸ್ತವದಲ್ಲಿ ಲಿನಕ್ಸ್ ಖಾಲಿ ಬಿದ್ದ ಮೆಮೊರಿಯನ್ನು ದಂಡವೆಂದು ಭಾವಿಸುತ್ತದೆ. ಒಮ್ಮೆ ಕಾರ್ಡಿನಿಂದ ಓದಿದ್ದನ್ನೆಲ್ಲ ಅಲ್ಲೇ ಇಟ್ಟುಕೊಂಡಿರುತ್ತದೆ, ಮತ್ತೆ ಬೇಕಾದಾಗ ಆ ಹತ್ತು ಲಕ್ಷ ಮಿಡಿತಗಳ ಕಾಯುವಿಕೆ ತಪ್ಪಲಿ ಎಂದು. ಪ್ರೋಗ್ರಾಂ ಯಾವುದಾದರೂ ಕೇಳಿದರೆ ತಕ್ಷಣ ಬಿಟ್ಟುಕೊಡುತ್ತದೆ. ಆದ್ದರಿಂದ ನೋಡಬೇಕಾದ ಕಾಲಂ ‘ಅವೈಲಬಲ್’.

ಆ ಕಾಲಂ ಕೂಡ ಬತ್ತಿದಾಗ ಮಾತ್ರ ನಿಜವಾದ ಸಂಕಟ. ಆಗ ಕರ್ನೆಲ್ ಸದ್ಯ ಬಳಸದ ‘ಪುಟ’ಗಳನ್ನು, ಅಂದರೆ ಮೆಮೊರಿಯ ತುಣುಕುಗಳನ್ನು, ಸ್ವಾಪ್ ಎಂಬ ಜಾಗಕ್ಕೆ ಸಾಗಹಾಕುತ್ತದೆ. ಸ್ವಾಪ್ ಕಾರ್ಡಿನ ಮೇಲಿದ್ದರೆ ಪ್ರತಿ ಸಾಗಣೆಗೂ ಮಿಲಿಸೆಕೆಂಡುಗಳ ಕಾಯುವಿಕೆ, ಜೊತೆಗೆ ಕಾರ್ಡಿನ ಸವಕಳಿ. ಇದಕ್ಕೆ ‘ಝಡ್‌ರ್‍ಯಾಮ್’ ಎಂಬ ಸೊಗಸಾದ ಪರಿಹಾರ ಇದೆ. ನಿತಿನ್ ಗುಪ್ತಾ ಎಂಬ ಪ್ರೋಗ್ರಾಮರ್ ಆರಂಭಿಸಿದ ‘ಕಾಂಪ್‌ಕ್ಯಾಶ್’ ಯೋಜನೆಯಿಂದ ಬೆಳೆದ ಇದು 2014ರಲ್ಲಿ ಕರ್ನೆಲಿನ ಖಾಯಂ ಭಾಗವಾಯಿತು. ಇದರ ತಂತ್ರ ಸರಳ: ಪುಟವನ್ನು ಹೊರಗೆ ಕಳಿಸುವ ಬದಲು ಹಿಂಡಿ ಚಿಕ್ಕದು ಮಾಡಿ ಮೆಮೊರಿಯಲ್ಲೇ ಇಟ್ಟುಕೊಳ್ಳುವುದು. 4 ಕೆಬಿಯ ಪುಟ ಸಾಮಾನ್ಯವಾಗಿ ಅರ್ಧಕ್ಕೋ ಮೂರನೇ ಒಂದು ಭಾಗಕ್ಕೋ ಇಳಿಯುತ್ತದೆ. ಹಿಂಡಲು ಪ್ರೊಸೆಸರ್ ದುಡಿಯಬೇಕು ನಿಜ. ಆದರೆ ಆ ದುಡಿಮೆ ಮೈಕ್ರೋಸೆಕೆಂಡುಗಳ ಲೆಕ್ಕದ್ದು. ಕಾರ್ಡಿಗೆ ಕಾಯುವುದು ಮಿಲಿಸೆಕೆಂಡುಗಳ ಲೆಕ್ಕದ್ದು. ಸುಮ್ಮನೆ ಕಾಯುತ್ತಿದ್ದವನಿಗೆ ಕೆಲಸ ಕೊಟ್ಟು ಕಾಯುವಿಕೆಯನ್ನೇ ತಪ್ಪಿಸಿದ್ದು ಇಲ್ಲಿಯ ಜಾಣ್ಮೆ. 2 ಜಿಬಿಯ ಬೋರ್ಡಿನಲ್ಲಿ ಅನುಭವಕ್ಕೆ ಬರುವಷ್ಟು ವ್ಯತ್ಯಾಸ ಮಾಡುವ ಸೆಟ್ಟಿಂಗ್ ಇದು.

ಕಲಬುರಗಿಯ ಬೇಸಿಗೆ

ಈಗ ಎಲ್ಲರಿಗೂ ಪ್ರಿಯವಾದ ಓವರ್‌ಕ್ಲಾಕಿಂಗ್. ಕಾನ್ಫಿಗ್ ಫೈಲಿನಲ್ಲಿ ಎರಡು ಸಾಲು ಬರೆದು 1.5 ಗಿಗಾಹರ್ಟ್ಸ್‌ನ ಪ್ರೊಸೆಸರನ್ನು 2ಕ್ಕೆ ಏರಿಸಬಹುದು. ಆದರೆ ಚಿಪ್ಪು ಉಣ್ಣುವ ವಿದ್ಯುತ್ ಅದರ ವೇಗಕ್ಕೂ, ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಹೆಚ್ಚಿದ ವೇಗದಲ್ಲಿ ಎಡವದಿರಲು ವೋಲ್ಟೇಜನ್ನೂ ಹೆಚ್ಚಿಸಬೇಕು. ಶೇ. 10 ಹೆಚ್ಚಿಸಿದಿರಿ ಎನ್ನಿ: 1.1ರ ವರ್ಗ 1.21, ಅದನ್ನು ವೇಗದ ಏರಿಕೆ 1.33ರಿಂದ ಗುಣಿಸಿದರೆ 1.61. ಮೂರನೇ ಒಂದು ಭಾಗದಷ್ಟು ವೇಗಕ್ಕೆ ಶೇ. 60ರಷ್ಟು ಹೆಚ್ಚು ಶಾಖ.

ಚಿಪ್ಪಿನ ಉಷ್ಣತೆ 80 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಫರ್ಮ್‌ವೇರ್ ವೇಗ ಇಳಿಸಲು ಶುರು ಮಾಡುತ್ತದೆ. ಶಾಖ ಹೊರಹೋಗಬೇಕಾದದ್ದು ಸುತ್ತಲಿನ ಗಾಳಿಗೆ. ಬರಿಯ ಬೋರ್ಡು ಪೂರ್ತಿ ದುಡಿಯುವಾಗ ಕೋಣೆಗಿಂತ 55 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ ಎಂದುಕೊಂಡರೆ, 20 ಡಿಗ್ರಿಯ ಕೇಂಬ್ರಿಜ್ ಕೋಣೆಯಲ್ಲಿ ಅದು 75ಕ್ಕೆ ನಿಲ್ಲುತ್ತದೆ. ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಕೋಣೆಯೇ 38 ಇದ್ದರೆ 93ಕ್ಕೆ ಹೋಗಬೇಕು. ಹೋಗಲು ಬಿಡದೆ ಫರ್ಮ್‌ವೇರ್ ವೇಗವನ್ನೇ ಕತ್ತರಿಸುತ್ತದೆ. ಹಾಗಾಗಿ ಹೊರಗಿನವರ ಓವರ್‌ಕ್ಲಾಕ್ ಸೂತ್ರ ನಮ್ಮಲ್ಲಿ ತಿರುಗುಬಾಣವಾಗಬಹುದು. ಅಲ್ಯೂಮಿನಿಯಂ ಹೀಟ್‌ಸಿಂಕು, ಸಣ್ಣ ಫ್ಯಾನು ಮೊದಲು; ವೇಗ ಏರಿಸುವ ಯೋಚನೆ ಆಮೇಲೆ. ಬಹುಪಾಲು ಬಳಕೆಗೆ ಆ ಯೋಚನೆಯೇ ಬೇಡ, ಏಕೆಂದರೆ ಕಾರ್ಡಿಗಾಗಿ ಕಾಯುವ ಪ್ರೊಸೆಸರ್ ಎಷ್ಟು ವೇಗವಾಗಿ ಮಿಡಿದರೂ ಕಾಯುವುದು ಅಷ್ಟೇ ಹೊತ್ತು.

ಪರದೆಯ ಹೊರೆ

1920 ಅಡ್ಡ 1080 ಬಿಂದುಗಳ ಪರದೆಯಲ್ಲಿ ಸುಮಾರು 20.7 ಲಕ್ಷ ಬಿಂದುಗಳು. 4ಕೆ ಮಾನಿಟರಿನಲ್ಲಿ ಅದರ ನಾಲ್ಕು ಪಟ್ಟು. ದೊಡ್ಡ ಮಾನಿಟರ್ ಇದ್ದರೂ ಪರದೆಯ ಅಳತೆಯನ್ನು 1080ಕ್ಕೆ ಇಳಿಸಿದರೆ ಕಿಟಕಿಗಳು ಒಡನೆ ಹಗುರಾಗಿ ಚಲಿಸುತ್ತವೆ. ವಿಡಿಯೊದ ಕಥೆ ಬೇರೆ. ಪೈ 4ರಲ್ಲಿ ಎಚ್.264 ಮತ್ತು ಎಚ್‌ಇವಿಸಿ ವಿಡಿಯೊ ಬಿಚ್ಚಲು ಪ್ರತ್ಯೇಕ ಯಂತ್ರಾಂಗವಿದೆ, ವಿಪಿ9ಕ್ಕೆ ಇಲ್ಲ. ಯೂಟ್ಯೂಬ್ ಬ್ರೌಸರಿಗೆ ಸಾಮಾನ್ಯವಾಗಿ ಕೊಡುವುದು ವಿಪಿ9 ಅಥವಾ ಎವಿ1, ಹಾಗಾಗಿ ಇಡೀ ಭಾರ ಮುಖ್ಯ ಪ್ರೊಸೆಸರಿನ ಮೇಲೆ. ಎಚ್.264 ಮಾತ್ರ ಕಳಿಸೆಂದು ಕೇಳುವ ಸಣ್ಣ ಎಕ್ಸ್‌ಟೆನ್ಶನ್ ಒಂದನ್ನು ಬ್ರೌಸರಿಗೆ ಸೇರಿಸಿದರೆ ಹೊರೆ ಇಳಿಯುತ್ತದೆ. 2023ರ ಪೈ 5ರಲ್ಲಿ ಪ್ರೊಸೆಸರಿನ ಬಲ ಹೆಚ್ಚಿದ್ದರಿಂದ ಎಚ್.264ರ ಯಂತ್ರಾಂಗವನ್ನೇ ತೆಗೆದುಹಾಕಿದ್ದಾರೆ. ಅಲ್ಲಿ ಈ ಉಪಾಯದಿಂದ ಅಷ್ಟು ಲಾಭವಿಲ್ಲ. ಒಂದು ಪೀಳಿಗೆಗೆ ಸರಿಹೊಂದಿದ ಸಲಹೆ ಇನ್ನೊಂದಕ್ಕೆ ಹೊಂದದಿರುವುದಕ್ಕೆ ಇದು ಒಳ್ಳೆಯ ನಿದರ್ಶನ.

ಕನ್ನಡ ಕೂರಿಸುವುದು

ಹೊಸದಾಗಿ ಇಳಿಸಿದ ವ್ಯವಸ್ಥೆಯಲ್ಲಿ ಕನ್ನಡದ ಪುಟ ತೆರೆದರೆ ಚೌಕ ಚೌಕ ಕಾಣಬಹುದು. ಡೆಬಿಯನ್ ಆಧಾರಿತ ವ್ಯವಸ್ಥೆಗಳಲ್ಲಿ ‘ಫಾಂಟ್ಸ್-ಕೆಎನ್‌ಡಿಎ’ ಎಂಬ ಒಂದು ಪ್ಯಾಕೇಜ್ ಹಾಕಿದರೆ ಲೋಹಿತ್, ಗುಬ್ಬಿ, ನವಿಲು ಫಾಂಟುಗಳು ಒಟ್ಟಿಗೆ ಬರುತ್ತವೆ. ಟೈಪಿಂಗಿಗೆ ಐಬಸ್‌ನಂಥ ಪ್ರತ್ಯೇಕ ಪ್ರೋಗ್ರಾಂ ಹಾಕಬಹುದು. ಆದರೆ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಅನುಸರಿಸುವ ಕಗಪ ಕೀಲಿಮಣೆ ಲಿನಕ್ಸ್‌ನ ಮೂಲ ಕೀಬೋರ್ಡ್ ಪಟ್ಟಿಯಲ್ಲೇ ಇದೆ. ಅದನ್ನು ಆರಿಸಿಕೊಂಡರೆ ಹಿನ್ನೆಲೆಯಲ್ಲಿ ಇನ್ನೊಂದು ಪ್ರೋಗ್ರಾಂ ಓಡಿಸುವ ಗೋಜಿಲ್ಲ.

‘ಸ್ತ್ರೀ’ ಎಂದು ಟೈಪು ಮಾಡಿ ನೋಡಿ. ಎಸ್, ಎಫ್, ಟಿ, ಎಫ್, ಆರ್, ಶಿಫ್ಟ್ ಒತ್ತಿ ಐ. ಆರು ಕೀಲಿ, ಆರು ಯೂನಿಕೋಡ್ ಸಂಕೇತ, ಫೈಲಿನಲ್ಲಿ 18 ಬೈಟ್. ಪರದೆಯ ಮೇಲೆ ಒಂದೇ ಅಕ್ಷರ. ಎರಡು ಒತ್ತುಗಳನ್ನು ಕೆಳಗೆ ಪೋಣಿಸಿ, ದೀರ್ಘವನ್ನು ಪಕ್ಕಕ್ಕೆ ಕೂರಿಸುವ ಕೆಲಸ ಹಾರ್ಫ್‌ಬಜ್ ಎಂಬ ಸಾಫ್ಟ್‌ವೇರ್ ಗ್ರಂಥಾಲಯದ್ದು. ಬ್ರೌಸರುಗಳೂ ಲಿಬ್ರೆ ಆಫೀಸೂ ಇದನ್ನೇ ನೆಚ್ಚಿವೆ. ಇಂಗ್ಲಿಷಿಗಿಂತ ಕನ್ನಡಕ್ಕೆ ಈ ಲೆಕ್ಕ ಹೆಚ್ಚು. ಆದರೂ ನೂರು ಪುಟದ ಕನ್ನಡ ಕಡತ ತೆರೆದರೂ ಈ ಪುಟ್ಟ ಪ್ರೊಸೆಸರ್ ಬಸವಳಿಯುವುದಿಲ್ಲ. ಬರವಣಿಗೆ, ಲೆಕ್ಕಪತ್ರ, ಪ್ರೋಗ್ರಾಮಿಂಗ್ ಕಲಿಕೆಗೆ ಅದು ಸಲೀಸಾಗಿ ಸಾಕು. ವಿಡಿಯೊ ಎಡಿಟಿಂಗ್, ಇಪ್ಪತ್ತು ಟ್ಯಾಬುಗಳ ಬ್ರೌಸಿಂಗ್ ಇದರಿಂದ ನಿರೀಕ್ಷಿಸಬೇಡಿ.

ಇಷ್ಟೆಲ್ಲ ಹೊಂದಿಸಿದ ಮೇಲೆ ಮಾಡಲೇಬೇಕಾದ ಕೆಲಸವೊಂದಿದೆ. ಯಂತ್ರವನ್ನು ಕ್ರಮವಾಗಿ ಶಟ್‌ಡೌನ್ ಮಾಡಿ, ಕಾರ್ಡನ್ನು ತೆಗೆದು, ಅದನ್ನು ಮೊದಲ ಬೈಟ್‌ನಿಂದ ಕೊನೆಯವರೆಗೆ ಓದಿ ಒಂದು ಇಮೇಜ್ ಫೈಲಾಗಿ ಉಳಿಸಿಕೊಳ್ಳಿ. ಮುಂದೆ ಯಾವ ಪ್ರಯೋಗ ಕೈಕೊಟ್ಟರೂ ಅದನ್ನೇ ಮತ್ತೆ ಇಳಿಸಿದರೆ ಆಯಿತು. ಶಾಲೆಯ ಲ್ಯಾಬಿನಲ್ಲಿ ಒಂದೇ ಮಾದರಿಯ ಮೂವತ್ತು ಬೋರ್ಡುಗಳಿದ್ದರೆ ಅದೇ ಫೈಲನ್ನು ಮೂವತ್ತು ಕಾರ್ಡುಗಳಿಗೆ ಇಳಿಸಬಹುದು. ಕನ್ನಡ ಫಾಂಟು, ಕಗಪ, ಝಡ್‌ರ್‍ಯಾಮ್ ಎಲ್ಲವೂ ಜೊತೆಗೇ ಹೋಗುತ್ತವೆ. ಪ್ರತಿಯೊಂದಕ್ಕೂ ಬೇರೆ ಹೆಸರು ಕೊಟ್ಟು, ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಕೀಲಿಗಳನ್ನು ಹೊಸದಾಗಿ ಹುಟ್ಟಿಸುವುದಷ್ಟೇ ಉಳಿದ ಕೆಲಸ. ಅದನ್ನು ಮಾಡದೆ ಬಿಟ್ಟರೆ ಮೂವತ್ತು ಯಂತ್ರಗಳೂ ನೆಟ್‌ವರ್ಕಿನಲ್ಲಿ ತಾವು ಒಂದೇ ಯಂತ್ರವೆಂದು ಹೇಳಿಕೊಳ್ಳುತ್ತವೆ.